12 ಪದರದ ಟುಟು: ಹೊಲಿಸಿಕೊಂಡು, ಧರಿಸಿ ನರ್ತಿಸಿದ ಮೇಲೆ

ಅಳತೆ ಕೊಟ್ಟು ಹೊಲಿಸಿಕೊಂಡ ಒಂದು ಶಾಸ್ತ್ರೀಯ ಟುಟುವಿನ, ಅಂದರೆ ಬ್ಯಾಲೆ ನರ್ತಕಿಯರು ತೊಡುವ ಪದರ ಪದರದ ಸ್ಕರ್ಟ್ ಉಡುಪಿನ, ವಿಮರ್ಶೆ ಇದು. ಸೊಂಟದ ಸುತ್ತ ತಟ್ಟೆಯಂತೆ ಅಡ್ಡಲಾಗಿ ಹರಡಿ ನಿಲ್ಲುವ, ಬ್ಯಾಲೆ ವಲಯದಲ್ಲಿ ಪ್ಯಾನ್‌ಕೇಕ್ ಟುಟು ಎಂದು ಕರೆಯುವ ಬಗೆಯದು: ನೈಲಾನ್ ನೆಟ್‌ನ 12 ಪದರಗಳು, ಅವುಗಳ ನಡುವೆ ತೆಳುವಾದ ಒಂದು ಉಕ್ಕಿನ ಬಳೆ, ನಡುವಿನಿಂದ ಕೆಳಕ್ಕೆ ಬಿಗಿದು ಹಿಡಿಯುವ ಸೊಂಟಪಟ್ಟಿ, ಅದರ ಮೇಲೆ ಗಟ್ಟಿ ರವಿಕೆ. ಸ್ಕರ್ಟ್ ಭಾಗ ನಾನು ಇದುವರೆಗೆ ಧರಿಸಿದವುಗಳಲ್ಲೆಲ್ಲ ಶ್ರೇಷ್ಠವಾದದ್ದು. ರವಿಕೆ ಮಾತ್ರ ಅದರ ಮಟ್ಟಕ್ಕೆ ಏರಲಿಲ್ಲ. ಹೀಗೇಕೆ ಎಂದು ವಿವರಿಸಲು ಈ ಉಡುಪು ನಡೆದು ಬಂದ ದಾರಿಯನ್ನೂ ಹೇಳಬೇಕಾಗುತ್ತದೆ. ಹ್ಯಾಂಗರ್‌ಗೆ ತೂಗುಹಾಕಿದಾಗ ಎಲ್ಲ ಟುಟುಗಳೂ ಚೆಲುವಾಗಿಯೇ ಕಾಣುತ್ತವೆ; ಕಾಲುಗಳು ಮಾಡುವ ಕೆಲಸವನ್ನು ಎಷ್ಟು ಸ್ಪಷ್ಟವಾಗಿ ತೋರಿಸುತ್ತದೆ, ಅದಕ್ಕೆ ಎಷ್ಟು ಕಡಿಮೆ ಅಡ್ಡಿಯಾಗುತ್ತದೆ ಎಂಬುದರಿಂದಲೇ ಅದರ ಬೆಲೆ ಕಟ್ಟಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಈ ಅಳತೆಗೋಲು ನಾನು ಕಂಡುಹಿಡಿದದ್ದಲ್ಲ. 1726ರಲ್ಲಿ ಪ್ಯಾರಿಸ್ ಒಪೆರಾದ ರಂಗವನ್ನೇರಿದ ಮರೀ ಕಮಾರ್ಗೊ, ತನ್ನ ಚುರುಕಾದ ಜಿಗಿತಗಳು ಪ್ರೇಕ್ಷಕರಿಗೆ ಕಾಣಲೆಂದು ನೆಲ ಮುಟ್ಟುತ್ತಿದ್ದ ಸ್ಕರ್ಟ್ ಅನ್ನು ಪಾದದ ಗಂಟಿನವರೆಗೆ ಏರಿಸಿದಳೆಂಬ ಖ್ಯಾತಿ ಇದೆ. ಅಂದಿನಿಂದ ಟುಟುವಿನ ಉದ್ದ ಕಡಿಮೆಯಾದಾಗಲೆಲ್ಲ ಅದರ ಹಿಂದೆ ಕಾಲುಗಳು ಕಲಿತ ಹೊಸದೊಂದು ವಿದ್ಯೆ ಇದ್ದೇ ಇತ್ತು. 1832ರ ಮಾರ್ಚ್ 12ರಂದು ಪ್ಯಾರಿಸ್‌ನಲ್ಲಿ 'ಲಾ ಸಿಲ್ಫೀಡ್' ಮೊದಲ ಬಾರಿಗೆ ಪ್ರದರ್ಶನಗೊಂಡಾಗ, ಬೆರಳ ತುದಿಯ ಮೇಲೆ ನಿಂತು ನರ್ತಿಸಿದ ಮರೀ ತಾಲಿಯೋನಿ ತೊಟ್ಟಿದ್ದು ಮೊಣಕಾಲಿನ ಕೆಳಗೆ ಇಳಿದು ಪಾದಗಳನ್ನು ಪೂರ್ತಿ ತೆರೆದಿಡುವ, ಗಂಟೆಯಾಕಾರದ ಬಿಳಿ ಸ್ಕರ್ಟ್. ಇಂದು ರೊಮ್ಯಾಂಟಿಕ್ ಟುಟು ಎಂದು ಕರೆಯುವುದು ಅದರ ವಂಶದ್ದೇ. 1841ರ 'ಜಿಸೆಲ್' ಬ್ಯಾಲೆಯ ಎರಡನೆಯ ಅಂಕವನ್ನು ಈಗಲೂ ಈ ಉಡುಪಿನಲ್ಲೇ ನರ್ತಿಸುತ್ತಾರೆ. ಜಿಗಿದು ಇಳಿಯುವ ನರ್ತಕಿಯ ಹಿಂದೆ ಬಟ್ಟೆ ಒಂದು ಕ್ಷಣ ತಡವಾಗಿ ಇಳಿಯುವುದರಿಂದಲೇ ಆಕೆ ಗಾಳಿಯಲ್ಲಿ ತೇಲಿದಂತೆ ತೋರುತ್ತದೆ. ಆ ಪಾತ್ರಕ್ಕೆ ನಾನು ಈಗ ವಿಮರ್ಶಿಸುತ್ತಿರುವ ಟುಟುವನ್ನು ತೊಡಿಸಿದರೆ ಆ ತೇಲುವಿಕೆಯೇ ಇಲ್ಲವಾಗುತ್ತದೆ. ಹೊಲಿಸುವ ಮುನ್ನ ಯಾವ ಪಾತ್ರಕ್ಕೆ ಎಂದು ತೀರ್ಮಾನಿಸಿಕೊಳ್ಳಬೇಕಾದದ್ದು ಇದೇ ಕಾರಣಕ್ಕೆ.

ಇನ್ನು ಬಟ್ಟೆಯ ಗುಣ. ಇಂಗ್ಲೆಂಡಿನ ಜಾನ್ ಹೀತ್‌ಕೋಟ್ 1809ರಲ್ಲಿ ಪೇಟೆಂಟ್ ಪಡೆದ ಬಾಬಿನೆಟ್ ಯಂತ್ರದಿಂದ, ಅಲ್ಲಿಯವರೆಗೆ ಕೈಯಿಂದ ಹೆಣೆಯುತ್ತಿದ್ದ ಜಾಲರಿ ಬಟ್ಟೆ ಯಥೇಚ್ಛವಾಗಿ ಸಿಗುವಂತಾಯಿತು. ಹತ್ತೊಂಬತ್ತನೆಯ ಶತಮಾನದ ಸ್ಕರ್ಟ್‌ಗಳು ಮಸ್ಲಿನ್, ನವಿರಾದ ಜಾಲರಿ ಬಟ್ಟೆಯಾದ ಟ್ಯೂಲ್ ಮತ್ತು ಗಂಜಿ ಹಾಕಿದ ಹತ್ತಿಯ ಟಾರ್ಲಟನ್‌ನಿಂದ ಆದವು. ಅವೆಲ್ಲ ಹಗುರ, ಪಾರದರ್ಶಕ, ಮತ್ತು ಕಿಡಿ ತಾಗಿದರೆ ಸಾಕು ಹೊತ್ತಿ ಉರಿಯುವಂಥವು. ರಂಗವನ್ನು ಬೆಳಗುತ್ತಿದ್ದುದು ಗ್ಯಾಸ್ ದೀಪಗಳ ತೆರೆದ ಜ್ವಾಲೆ. 1862ರ ನವೆಂಬರ್ 15ರಂದು ಪ್ಯಾರಿಸ್ ಒಪೆರಾದಲ್ಲಿ ತಾಲೀಮಿನ ವೇಳೆ ನರ್ತಕಿ ಎಮ್ಮಾ ಲಿವ್ರಿಯ ಸ್ಕರ್ಟ್‌ಗೆ ಅಂಥ ಜ್ವಾಲೆ ತಗುಲಿತು. ಸುಟ್ಟ ಗಾಯಗಳೊಡನೆ ತಿಂಗಳುಗಟ್ಟಲೆ ನರಳಿದ ಆಕೆ ಮರುವರ್ಷ ಜುಲೈನಲ್ಲಿ ತೀರಿಕೊಂಡಾಗ ವಯಸ್ಸು ಇನ್ನೂ 20. ಬಟ್ಟೆ ಬೆಂಕಿ ಹಿಡಿಯದಂತೆ ರಾಸಾಯನಿಕ ದ್ರಾವಣದಲ್ಲಿ ಅದ್ದುವ ವಿಧಾನ ಆ ವೇಳೆಗಾಗಲೇ ಬಂದಿತ್ತು. ಆದರೆ ಅದರಿಂದ ಬಟ್ಟೆ ಬಿರುಸಾಗಿ, ಬಿಳುಪು ಕಂದಿ, ಕಳೆಗುಂದುತ್ತದೆಂದು ಹಲವು ನರ್ತಕಿಯರು ಒಲ್ಲೆನೆನ್ನುತ್ತಿದ್ದರು. ಅವರಲ್ಲಿ ಲಿವ್ರಿಯೂ ಒಬ್ಬಳು. ಆ ನಿರಾಕರಣೆಯನ್ನು ಹಟವೆಂದು ತಳ್ಳಿಹಾಕಲು ನನಗೆ ಮನಸ್ಸು ಬರುವುದಿಲ್ಲ. ತನ್ನ ಚಲನೆಯ ಅರ್ಧ ಭಾಗ ಬಟ್ಟೆಯಲ್ಲಿದೆ ಎಂದು ಬಲ್ಲವಳ ನಿರ್ಧಾರ ಅದು. ಹಗುರತೆಗೂ ಸುರಕ್ಷತೆಗೂ ನಡುವೆ ಒಂದನ್ನು ಆರಿಸಿಕೊಳ್ಳಬೇಕಾದ ಸ್ಥಿತಿಗೆ ಆಕೆಯನ್ನು ತಂದು ನಿಲ್ಲಿಸಿದ ವ್ಯವಸ್ಥೆಯ ಬಗ್ಗೆ ನನಗೆ ಇಂದಿಗೂ ಸಿಟ್ಟಿದೆ.

ಎರಡನೇ ಮಹಾಯುದ್ಧದ ನಂತರ ಬಳಕೆಗೆ ಬಂದ ನೈಲಾನ್ ನೆಟ್ ಗಂಜಿಯ ಹಂಗನ್ನು ತಪ್ಪಿಸಿತು. ಬೆವರಿಗೂ ತೇವಕ್ಕೂ ಹತ್ತಿ ಬಟ್ಟೆ ಜೋಲುಬೀಳುತ್ತದೆ; ನೈಲಾನ್ ತನ್ನ ಬಿಗುವನ್ನು ಬಹುಕಾಲ ಉಳಿಸಿಕೊಳ್ಳುತ್ತದೆ. ನನ್ನ ಟುಟುವಿನಲ್ಲಿ ಎಲ್ಲ ಪದರಗಳಿಗೂ ಒಂದೇ ನೆಟ್ ಬಳಸಿಲ್ಲ. ಆಧಾರವಾಗಿ ನಿಲ್ಲಬೇಕಾದ ಕೆಳಗಿನವು ಗಡುಸು, ಕಣ್ಣಿಗೆ ಬೀಳುವ ಮೇಲಿನವು ಮೃದು. ಈ ಒಂದು ವಿವೇಚನೆಯಿಂದಲೇ ಹೊಲಿದವರ ಪಳಗಿದ ಕೈ ಗೊತ್ತಾಗುತ್ತದೆ.

ಸ್ಕರ್ಟ್ ಮೊಣಕಾಲನ್ನು ದಾಟಿ ಮೇಲೇರಿದ್ದು ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ. ಇಟಲಿಯಲ್ಲಿ ತರಬೇತಾದ ವರ್ಜೀನಿಯಾ ಜುಕ್ಕಿ 1885ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಬಂದಾಗ ಅಲ್ಲಿನ ರೂಢಿಗಿಂತ ಗಿಡ್ಡನೆಯ ಸ್ಕರ್ಟ್‌ನಲ್ಲೇ ನರ್ತಿಸಿದಳು. ಅವಳ ಹಿಂದೆಯೇ ಬಂದ ಪಿಯರೀನಾ ಲೆನ್ಯಾನಿ 1895ರಲ್ಲಿ ಮಾರಿನ್ಸ್‌ಕಿ ರಂಗಮಂದಿರದ 'ಸ್ವಾನ್ ಲೇಕ್'ನಲ್ಲಿ ಒಂಟಿಕಾಲಿನ ಮೇಲೆ 32 ಫ್ವೆಟೆ ಸುತ್ತುಗಳನ್ನು ಹಾಕಿದಳು. ಒಂದು ಕಾಲು ಬೆರಳ ತುದಿಯಲ್ಲಿ ನಿಂತು ತಿರುಗುತ್ತಿರುವಾಗ ಇನ್ನೊಂದು ಕಾಲು ಪಕ್ಕಕ್ಕೆ ಚಾಚಿ ಮಡಿಯುವುದನ್ನು ನೋಡಬೇಕಾದರೆ ತೊಡೆಯವರೆಗೂ ಬಟ್ಟೆಯ ತೆರೆ ಇರಬಾರದು. ಆದರೂ ಅಂದಿನ ಟುಟು ಇಂದಿನಷ್ಟು ಗಿಡ್ಡವೂ ಆಗಿರಲಿಲ್ಲ, ಸಪಾಟೂ ಆಗಿರಲಿಲ್ಲ; ಸ್ವಲ್ಪ ಬಾಗಿ ಕೆಳಗಿಳಿಯುತ್ತಿತ್ತು. ಆ ರೂಪವನ್ನು ಬೆಲ್ ಟುಟು ಎನ್ನುತ್ತಾರೆ. ಪೂರ್ತಿ ಅಡ್ಡವಾಗಿ ನಿಲ್ಲುವ ಇಂದಿನ ರೂಪ ಇಪ್ಪತ್ತನೆಯ ಶತಮಾನದ ಕೊಡುಗೆ.

ಅಡ್ಡವಾಗಿ ನಿಲ್ಲಿಸುವುದು ಸುಲಭದ ಕೆಲಸವಲ್ಲ. ಚಡ್ಡಿಗೆ ಹೊಲಿದ ಅತಿ ಕೆಳಗಿನ ಪದರ ಬೆರಳುದ್ದದ ಜಾಲರಿಯಷ್ಟೇ; ಅದರ ಮೇಲಿನದು ಅದಕ್ಕಿಂತ ತುಸು ಅಗಲ, ಅದರ ಮೇಲಿನದು ಇನ್ನೂ ಅಗಲ. ಹೀಗೆ ಒಂದೊಂದನ್ನೂ ನೆರಿಗೆ ಹಿಡಿದು, ಒಂದರ ಮೇಲೊಂದು ಸಾಲಾಗಿ ಹೊಲಿದಾಗ ಕೆಳಗಿನ ಪದರಗಳು ಮೇಲಿನವನ್ನು ಹೊತ್ತು ನಿಲ್ಲುತ್ತವೆ. ನನ್ನದರಲ್ಲಿ ಮೇಲಿನಿಂದ ನಾಲ್ಕನೆಯ ಪದರಕ್ಕೆ ಕೊಳವೆಯಂಥ ಅಂಚು ಹೊಲಿದು ಉಕ್ಕಿನ ಬಳೆಯನ್ನು ತೂರಿಸಿದ್ದಾರೆ. ಕೊನೆಗೆ ಎಲ್ಲ ಪದರಗಳನ್ನೂ ಉದ್ದನೆಯ, ಸಡಿಲವಾದ ದಾರದ ಕುಣಿಕೆಗಳಿಂದ ಕೈಹೊಲಿಗೆಯಲ್ಲಿ ಪರಸ್ಪರ ಬೆಸೆದಿದ್ದಾರೆ. ಇಡೀ ಟುಟುವಿನ ಗುಣ ನಿರ್ಧಾರವಾಗುವುದು ಈ ಕುಣಿಕೆಗಳಲ್ಲಿ. ತೀರ ಬಿಗಿಯಾದರೆ ಸ್ಕರ್ಟ್ ಹಲಗೆಯಾಗಿ, ಜಿಗಿದಾಗ ಒಟ್ಟಾರೆ ಮೇಲೆ ಚಿಮ್ಮುತ್ತದೆ. ತೀರ ಸಡಿಲವಾದರೆ ಪದರಗಳು ಬೇರೆ ಬೇರೆಯಾಗಿ ಕೆದರಿಕೊಳ್ಳುತ್ತವೆ. ನನಗೆ ಸಿಕ್ಕಿರುವುದು ಇವೆರಡರ ನಡುವಿನ ಹದ: ಜಿಗಿತ ಮುಗಿದು ನೆಲ ಮುಟ್ಟಿದೊಡನೆ ಅಂಚು ಒಮ್ಮೆ ಕಂಪಿಸಿ ಕೂಡಲೇ ನಿಶ್ಚಲವಾಗುತ್ತದೆ. ಸುತ್ತುಗಳಲ್ಲಿ ಅದು ದೇಹಕ್ಕಿಂತ ಹಿಂದುಳಿಯುವುದಿಲ್ಲ. ಈ ಕೆಲಸಕ್ಕೆ ನನ್ನ ಪೂರ್ಣ ಮೆಚ್ಚುಗೆ ಇದೆ.

ರವಿಕೆಯ ಬಗ್ಗೆ ಅಷ್ಟು ಉದಾರವಾಗಿ ಬರೆಯಲಾರೆ. ನೋಡಲು ಅದು ನಿರ್ದೋಷವಾಗಿದೆ, ಹೊಲಿಗೆಯೂ ನೇರ. ಆದರೆ ಬಟ್ಟೆಯನ್ನು ನೇಯ್ಗೆಯ ನೇರಕ್ಕೇ ಕತ್ತರಿಸಿರುವುದರಿಂದ ದೀರ್ಘ ಉಸಿರು ಎಳೆದುಕೊಂಡಾಗ ಅದು ಎಳ್ಳಷ್ಟೂ ಹಿಗ್ಗುವುದಿಲ್ಲ. ಬೆನ್ನನ್ನು ಹಿಂದಕ್ಕೆ ಬಗ್ಗಿಸಿದಾಗ ಎದೆಯ ಮೇಲ್ಭಾಗದಲ್ಲಿ ಸಂದು ಬಿಡುತ್ತದೆ. ಈ ತೊಂದರೆಗೆ ಪರಿಹಾರ ಬಹಳ ಹಿಂದೆಯೇ ಸಿಕ್ಕಿದೆ. ಉಕ್ರೇನಿನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲೂ ನ್ಯೂಯಾರ್ಕ್‌ನಲ್ಲೂ ಹೆಸರು ಮಾಡಿದ ಉಡುಪು ವಿನ್ಯಾಸಕಿ ಬಾರ್ಬರಾ ಕರಿನ್ಸ್ಕಾ, ರವಿಕೆಯ ಫಲಕಗಳನ್ನು ನೇಯ್ಗೆಗೆ ಓರೆಯಾಗಿ ಕತ್ತರಿಸಿ, ಪಕ್ಕೆಲುಬುಗಳೊಡನೆ ಬಟ್ಟೆಯೂ ಹಿಗ್ಗಿ ಕುಗ್ಗುವಂತೆ ಮಾಡಿದ್ದರು. ನರ್ತಕಿಗೆ ಉಸಿರಾಡುವ ಹಕ್ಕು ಕೊಟ್ಟ ಆ ಕತ್ತರಿ ಪ್ರಯೋಗವನ್ನು ಇಂದಿನ ಪ್ರತಿಯೊಬ್ಬ ಬ್ಯಾಲೆ ದರ್ಜಿಯೂ ಕಲಿತಿರಬೇಕೆಂದು ನಾನು ಬಯಸುತ್ತೇನೆ. ಬೆನ್ನಿನ ಹುಕ್ಕುಗಳಿಗೆ ಮೊದಲು ಒಂದೇ ಸಾಲಿನ ಕೊಂಡಿಗಳಿದ್ದವು. ಕೇಳಿದ ಮೇಲೆ ಹೊಲಿದವರು ಎರಡನೆಯ ಸಾಲನ್ನು ಸೇರಿಸಿಕೊಟ್ಟರು. ದೊಡ್ಡ ಬ್ಯಾಲೆ ಕಂಪನಿಗಳಲ್ಲಿ ಒಂದೇ ಉಡುಪನ್ನು ಹಲವು ನರ್ತಕಿಯರು ಸರದಿಯಲ್ಲಿ ತೊಡುವುದರಿಂದ ಹೀಗೆ ಎರಡು ಮೂರು ಸಾಲು ಹಾಕುವುದು ವಾಡಿಕೆ. ಒಬ್ಬರೇ ತೊಡುವುದಾದರೂ ದೇಹ ವರ್ಷವಿಡೀ ಒಂದೇ ಅಳತೆಯಲ್ಲಿರುವುದಿಲ್ಲ. ಆದ್ದರಿಂದ ಕೊಂಡಿಯ ಸಾಲುಗಳ ಬಗ್ಗೆ ಮೊದಲೇ ಕೇಳಿ.

ಕರಿನ್ಸ್ಕಾರ ಇನ್ನೊಂದು ಕೊಡುಗೆಯೂ ಕೊಳ್ಳುವವರ ಗಮನದಲ್ಲಿರಲಿ. ನೃತ್ಯ ಸಂಯೋಜಕ ಜಾರ್ಜ್ ಬಾಲನ್‌ಚೀನ್ ಅವರ 'ಸಿಂಫನಿ ಇನ್ ಸಿ' ಬ್ಯಾಲೆಗೆ ಅವರು 1950ರಲ್ಲಿ ರೂಪಿಸಿದ ಪೌಡರ್ ಪಫ್ ಟುಟುವಿನಲ್ಲಿ ಬಳೆಯೇ ಇಲ್ಲ. ಗಿಡ್ಡನೆಯ ಆರೇಳು ಪದರಗಳನ್ನು ಸಡಿಲವಾಗಿ ಬೆಸೆದು, ಅಂಚು ಮೃದುವಾಗಿ ಇಳಿಬೀಳುವಂತೆ ಬಿಟ್ಟಿದ್ದಾರೆ. ಬಳೆಯಿರುವ ಅಗಲವಾದ ಟುಟುಗಳು ಗುಂಪು ನೃತ್ಯದಲ್ಲಿ ಒಂದಕ್ಕೊಂದು ತಾಗಿ, ಒಂದು ಅಲುಗಿದರೆ ಪಕ್ಕದ್ದೂ ಅಲುಗುತ್ತದೆ. ವೇಗದ ಹೆಜ್ಜೆಗಳ ಬಾಲನ್‌ಚೀನ್ ಶೈಲಿಗೆ ಅದು ಒಗ್ಗುವುದಿಲ್ಲ. ಗುಂಪಿನಲ್ಲಿ ನರ್ತಿಸುವವರಿಗೆ, ಚಿಕ್ಕ ರಂಗವಿರುವವರಿಗೆ ನನ್ನ ಸಲಹೆ ಇದೇ ಬಗೆ. ಏಕವ್ಯಕ್ತಿ ನೃತ್ಯಕ್ಕೆ ಬಳೆಯಿರುವ ಟುಟುವಿನ ಖಚಿತವಾದ ರೇಖೆಯೇ ಸೊಗಸು. 1996ರಲ್ಲಿ ನೃತ್ಯ ಸಂಯೋಜಕ ವಿಲಿಯಂ ಫೋರ್ಸೈತ್ ಅವರ ಕೃತಿಯೊಂದಕ್ಕೆ ಸ್ಟೀಫನ್ ಗ್ಯಾಲೊವೆ ಈ ರೇಖೆಯನ್ನು ಕೊನೆಯ ಮಿತಿಗೆ ಒಯ್ದು, ನೆರಿಗೆಗಳನ್ನೇ ತೆಗೆದುಹಾಕಿ, ತಿಳಿಹಸಿರು ಬಣ್ಣದ ಒಂದೇ ಬಿಲ್ಲೆಯಂತೆ ಟುಟುವನ್ನು ವಿನ್ಯಾಸಗೊಳಿಸಿದ್ದರು.

ಜೋಡಿ ನೃತ್ಯದಲ್ಲಿ ಈ ಟುಟು ಸ್ವಲ್ಪ ಕಷ್ಟ ಕೊಡುತ್ತದೆ. ಅದರ ಅಗಲದಿಂದಾಗಿ ಜೊತೆಗಾರ ಒಂದು ಹೆಜ್ಜೆ ದೂರ ನಿಲ್ಲಬೇಕಾಗುತ್ತದೆ, ಕೆಳಗೆ ನೋಡಿದರೆ ನರ್ತಕಿಗೆ ತನ್ನ ಪಾದಗಳೇ ಕಾಣುವುದಿಲ್ಲ. ಪ್ರದರ್ಶನದ ದಿನವೇ ಮೊದಲ ಬಾರಿಗೆ ತೊಡುವ ಸಾಹಸ ಬೇಡ. ಬಳೆಯಿರುವ ಸಾದಾ ತಾಲೀಮು ಟುಟುವಿನಲ್ಲಿ ಇಬ್ಬರೂ ಪಳಗಿರಬೇಕು.

ಆರೈಕೆಯ ಮಾತು ಚಿಕ್ಕದು. ನೆಟ್ ಭಾಗವನ್ನು ನೀರಿಗೆ ಹಾಕಬೇಡಿ. ಬೆವರು ಹೀರಿದ ರವಿಕೆಯ ಒಳಬದಿಯನ್ನಷ್ಟೇ ಒರೆಸಿ ನೆರಳಲ್ಲಿ ಆರಿಸಿ. ಬಳೆಯನ್ನು ಮಡಚಿ ಪೆಟ್ಟಿಗೆಗೆ ತುರುಕಿದರೆ ಅದು ಮತ್ತೆ ವೃತ್ತವಾಗುವುದಿಲ್ಲ. ನೇರವಾಗಿ ತೂಗುಹಾಕಿದರೆ ಪದರಗಳು ತಮ್ಮ ಭಾರಕ್ಕೇ ಜೋಲುತ್ತವೆ, ಆದ್ದರಿಂದ ತಲೆಕೆಳಗಾಗಿ ತೂಗುಹಾಕಿ, ಇಲ್ಲವೇ ಅದರ ಅಗಲಕ್ಕೆ ತಕ್ಕ ದುಂಡನೆಯ ಚೀಲದಲ್ಲಿ ಸಪಾಟಾಗಿ ಇಡಿ. ಹೊಲಿದವರು ಇಂಥ ಚೀಲವನ್ನು ಟುಟುವಿನ ಜೊತೆಯಲ್ಲೇ ಕೊಟ್ಟಿದ್ದಾರೆ. ಅದರ ಜಿಪ್ ಇನ್ನಷ್ಟು ಗಟ್ಟಿಯಾಗಿರಬೇಕಿತ್ತು. ಇನ್ನೊಂದನ್ನು ಹೊಲಿಸುವುದಾದರೆ ಸ್ಕರ್ಟ್‌ಗೆ ಇವರ ಬಳಿಗೇ ಹೋಗುತ್ತೇನೆ, ರವಿಕೆಯನ್ನು ಮಾತ್ರ ಓರೆ ಕತ್ತರಿ ಬಲ್ಲ ಬೇರೊಬ್ಬರಿಗೆ ಒಪ್ಪಿಸುತ್ತೇನೆ; ಎರಡೂ ಸೊಂಟಪಟ್ಟಿಯ ಮೇಲೆ ಕೂಡುವುದರಿಂದ ಬೇರೆ ಬೇರೆ ಕೈಗಳಲ್ಲಿ ತಯಾರಾದರೂ ಜೋಡಿಸಲು ತೊಡಕಿಲ್ಲ.