ಫೀಲ್ಡ್‌ಗೆ ಅದರ ಕ್ಲಾಸ್‌ನಿಂದಲೇ ಕಾವಲು: ಬಳಸಿ ನೋಡಿದ ದಾರಿಗಳು

ಜಾವಾದ ಪ್ರೈವೇಟ್ ಹೊರಗಿನವರನ್ನು ತಡೆಯುತ್ತದೆಯೇ ಹೊರತು ಮನೆಯವರನ್ನಲ್ಲ. ಹಾಗಾದರೆ ಒಂದು ಫೀಲ್ಡನ್ನು (ಕ್ಲಾಸ್ ತನ್ನೊಳಗೆ ಇಟ್ಟುಕೊಳ್ಳುವ ಮೌಲ್ಯವನ್ನು) ಅದೇ ಕ್ಲಾಸ್‌ನ ಮೆಥಡ್‌ಗಳೂ ನೇರವಾಗಿ ಮುಟ್ಟದೆ, ಗೆಟರ್ (ಆ ಮೌಲ್ಯ ಕೊಡುವ ಮೆಥಡ್) ಮೂಲಕವೇ ಬಳಸುವಂತೆ ಮಾಡುವುದು ಹೇಗೆ? ನಮ್ಮ ಬಿಲ್ಲಿಂಗ್ ತಂತ್ರಾಂಶದಲ್ಲಿ ತೆರಿಗೆ ದರಗಳ ಫೀಲ್ಡ್, ಗೆಟರ್ ಅನ್ನು ಮೊದಲ ಬಾರಿ ಕರೆದಾಗಷ್ಟೇ ಡೇಟಾಬೇಸ್‌ನಿಂದ ತುಂಬಿಕೊಳ್ಳುತ್ತಿತ್ತು. ಅದೇ ಕ್ಲಾಸ್‌ಗೆ ಆಮೇಲೆ ಸೇರಿದ ಮೆಥಡ್ ಒಂದು ಗೆಟರ್ ಬಿಟ್ಟು ಫೀಲ್ಡ್‌ಗೇ ಕೈ ಹಾಕಿತು. ಫೀಲ್ಡ್ ಇನ್ನೂ ಖಾಲಿ; ತಿಂಗಳ ಕೊನೆಯ ಬಿಲ್ಲುಗಳ ನಡುವೆ ನಲ್ ಪಾಯಿಂಟರ್ ಎಕ್ಸೆಪ್ಶನ್! ಈಗ ಆ ಫೀಲ್ಡ್ ಬೇರೆಯದೇ ಪುಟ್ಟ ಕ್ಲಾಸ್‌ನಲ್ಲಿದೆ, ನನಗೆ ನೆಮ್ಮದಿಯಿದೆ.

‘ಗೆಟರ್ ಮೂಲಕವೇ ಬಳಸಿ’ ಎಂಬ ಕಾಮೆಂಟ್ ಮೊದಲೇ ಇತ್ತು. ಯಾರೂ ಓದಿರಲಿಲ್ಲ.

ಹೆಚ್ಚು ಸತಾಯಿಸಿದ್ದು ನೆಸ್ಟೆಡ್ ಕ್ಲಾಸ್. ಒಳಗೊಂದು ‘ದರಪಟ್ಟಿ’ ಕ್ಲಾಸ್ ಮಾಡಿ ಫೀಲ್ಡನ್ನು ಅದರಲ್ಲಿ ಪ್ರೈವೇಟ್ ಎಂದು ಇಟ್ಟರೆ ಸಾಕೆಂದು ಯಾರಿಗಾದರೂ ತೋಚುತ್ತದೆ. ಆದರೆ ಹೊರಗಿನ ಕ್ಲಾಸ್‌ನಿಂದ ‘ಪಟ್ಟಿ.ದರಗಳು’ ಎಂದು ನೇರವಾಗಿ ಬರೆದರೂ ಕಂಪೈಲರ್ ಚಕಾರವೆತ್ತುವುದಿಲ್ಲ. ಪ್ರೈವೇಟ್‌ನ ಗಡಿ ಇರುವುದು ಎಲ್ಲಕ್ಕಿಂತ ಹೊರಗಿನ ಕ್ಲಾಸ್‌ನ ಆವರಣಕ್ಕೆ; ಅದರೊಳಗಿನ ಕ್ಲಾಸ್‌ಗಳ ನಡುವೆ ಮುಚ್ಚುಮರೆಯಿಲ್ಲ. ಜಾವಾ 11ಕ್ಕಿಂತ ಮುಂಚೆ ಕಂಪೈಲರ್ ಇದಕ್ಕೆಂದೇ ಗುಟ್ಟಾಗಿ ಸೇತುವೆ ಮೆಥಡ್‌ಗಳನ್ನು ಹುಟ್ಟಿಸುತ್ತಿತ್ತು. 11ರಿಂದ ಜೆವಿಎಂ (ಜಾವಾ ಪ್ರೋಗ್ರಾಂ ಓಡಿಸುವ ತಂತ್ರಾಂಶ) ತಾನೇ ಒಪ್ಪಿಗೆ ಕೊಡುತ್ತದೆ.

ಪರಿಹಾರವೋ, ನಗು ಬರುವಷ್ಟು ಸಣ್ಣದು. ಅದೇ ದರಪಟ್ಟಿಯನ್ನು ಹೊರಗಿನ ಕ್ಲಾಸ್‌ನ ಕೊನೆಯ ಬ್ರೇಸ್‌ನಿಂದ ಆಚೆಗೆ ಸರಿಸಿದೆ. ಫೈಲ್ ಅದೇ, ಸಾಲುಗಳೂ ಅವೇ. ಫೀಲ್ಡನ್ನು ನೇರವಾಗಿ ಮುಟ್ಟಿದ್ದ ಸಾಲುಗಳೆಲ್ಲ ತಕ್ಷಣ ಕೆಂಪಾದವು. ಆಮೇಲೆ ಅದಕ್ಕೆ ಪ್ರತ್ಯೇಕ ಫೈಲ್ ಕೊಟ್ಟದ್ದು ಅಚ್ಚುಕಟ್ಟಿಗಷ್ಟೇ.

ಫೀಲ್ಡನ್ನು ಸೂಪರ್‌ಕ್ಲಾಸ್‌ಗೆ (ಈ ಕ್ಲಾಸ್ ‘ಎಕ್ಸ್‌ಟೆಂಡ್ಸ್’ ಎಂದು ವಿಸ್ತರಿಸುವ ಮೇಲಿನ ಕ್ಲಾಸ್‌ಗೆ) ಏರಿಸಿದರೂ ಕೆಲಸವಾಗುತ್ತದೆ. ಆದರೆ ಜಾವಾ ಕೊಡುವ ಒಂದೇ ಒಂದು ಎಕ್ಸ್‌ಟೆಂಡ್ಸ್ ಅನ್ನು ಇಷ್ಟಕ್ಕೆ ಖರ್ಚು ಮಾಡಲು ನನಗೆ ಮನಸ್ಸಿಲ್ಲ.

ಕೋಡ್‌ನ ರಚನೆಯನ್ನೇ ಪರೀಕ್ಷಿಸುವ ಲೈಬ್ರರಿ ಆರ್ಕ್‌ಯೂನಿಟ್‌ನಲ್ಲಿ ‘ಈ ಫೀಲ್ಡನ್ನು ಗೆಟರ್ ಮಾತ್ರ ಮುಟ್ಟಬೇಕು’ ಎಂಬ ಪರೀಕ್ಷೆ ಬರೆಯಬಹುದು. ದೊಡ್ಡ ತಂಡಗಳಿಗೆ ಒಳ್ಳೆಯದೇ. ಕಂಪೈಲರ್ ತಡೆದರೆ ಮಾತ್ರ ನಿಲ್ಲುವ ನನ್ನಂಥವರಿಗೆ, ಪರೀಕ್ಷೆ ಓಡುವವರೆಗೆ ತಪ್ಪು ಕಾಣದಿರುವುದು ತಡವೇ.

ಪ್ರತ್ಯೇಕ ಕ್ಲಾಸ್‌ನ ನಂತರ ಎರಡನೆಯ ಸ್ಥಾನ, ಗೂಗಲ್‌ನ ಜಾವಾ ಲೈಬ್ರರಿ ಗ್ವಾವಾದ ‘ಸಪ್ಲೈಯರ್ಸ್.ಮೆಮೊಯಿಜ್’ಗೆ; ಇದು ಮೊದಲ ಬಾರಿ ಸಿಕ್ಕ ಮೌಲ್ಯವನ್ನು ನೆನಪಿಟ್ಟುಕೊಳ್ಳುತ್ತದೆ. ಫೀಲ್ಡೇ ಸಪ್ಲೈಯರ್ (ಕೇಳಿದಾಗ ಮೌಲ್ಯ ಕೊಡುವ ಆಬ್ಜೆಕ್ಟ್) ಆಗುವುದರಿಂದ ಯಾರು ಮುಟ್ಟಿದರೂ ‘ಗೆಟ್’ ಕರೆಯದೆ ಮೌಲ್ಯ ಸಿಗುವುದಿಲ್ಲ. ಹಲವು ಥ್ರೆಡ್‌ಗಳು ಒಟ್ಟಿಗೆ ಬಂದರೂ ತೊಂದರೆಯಿಲ್ಲ. ಆದರೆ ಒಮ್ಮೆ ತುಂಬಿದ್ದನ್ನು ಖಾಲಿ ಮಾಡಲಾಗದು. ದರ ಬದಲಾದಾಗಲೆಲ್ಲ ನಮಗೆ ಬೇಕಾದದ್ದು ಅದೇ. ಗ್ವಾವಾ ಈಗಾಗಲೇ ಇರುವ ಪ್ರಾಜೆಕ್ಟ್‌ನಲ್ಲಿ, ಬದಲಾಗದ ಮೌಲ್ಯವಾದರೆ, ಹೊಸ ಕ್ಲಾಸ್ ಬರೆಯುವ ಗೋಜಿಗೆ ಹೋಗದೆ ಇದನ್ನೇ ಹಾಕುತ್ತೇನೆ.