ಮೆಟ್ಟಿಲ ರೇಲಿಂಗ್‌ಗೆ ಬಂಗಾರದ ಬಣ್ಣ: ವೆಲ್ಡಿಂಗ್ ಮೊದಲೋ, ಕೋಟಿಂಗ್ ಮೊದಲೋ?

ಮೈಸೂರಿನ ವಿಜಯನಗರ, ಕುವೆಂಪುನಗರದ ಕಡೆ ಹೊಸದಾಗಿ ಕಟ್ಟಿದ ಮನೆಗಳಲ್ಲಿ ಮೆಟ್ಟಿಲ ರೇಲಿಂಗ್ ಎಂದರೆ ಬರೀ ಹೊಳೆಯುವ ಸ್ಟೀಲ್ ಎನ್ನುವಂತಿಲ್ಲ. ಬಂಗಾರ, ರೋಸ್ ಗೋಲ್ಡ್, ಕಪ್ಪು, ಹಳೆಯ ಹಿತ್ತಾಳೆ ಎಂದು ಬಗೆಬಗೆಯ ಫಿನಿಶ್‌ಗಳು ಬಂದಿವೆ. ನಮ್ಮ ಮನೆಯಲ್ಲಿ ಹೆಬ್ಬಾಳ ಕೈಗಾರಿಕಾ ಪ್ರದೇಶದ ಒಂದು ಸಣ್ಣ ವರ್ಕ್‌ಶಾಪ್‌ನವರು ಬಂಗಾರದ ಬಣ್ಣದ ಸ್ಟೀಲ್ ಹ್ಯಾಂಡ್‌ರೇಲನ್ನೂ ಅದರ ಕೆಳಗೆ ಕಪ್ಪು ಪೌಡರ್ ಕೋಟಿಂಗ್ (ಬಣ್ಣದ ಪುಡಿಯನ್ನು ಸಿಂಪಡಿಸಿ, ಬಿಸಿಯಲ್ಲಿ ಕರಗಿಸಿ ಕೂರಿಸುವ ಲೇಪ) ಮಾಡಿದ ಕಬ್ಬಿಣದ ಕಂಬಿಗಳನ್ನೂ ಕೂರಿಸಿಕೊಟ್ಟಿದ್ದಾರೆ. ಒಂದು ಬೇಸಿಗೆ, ಒಂದು ಮಳೆಗಾಲ ದಿನನಿತ್ಯದ ಬಳಕೆಯಲ್ಲಿ ಕಳೆದಿರುವುದರಿಂದ ಆ ಕೆಲಸದ ಬಗ್ಗೆ ಧೈರ್ಯವಾಗಿ ಬರೆಯಬಹುದು ಎನಿಸಿದೆ.

ಬಂಗಾರದ ಬಣ್ಣವನ್ನು ಕೊಡುವುದು ಪಿವಿಡಿ ಎಂಬ ವಿಧಾನ. ಗಾಳಿ ತೆಗೆದ ಚೇಂಬರಿನೊಳಗೆ ಟೈಟಾನಿಯಂ ಲೋಹವನ್ನು ಆವಿಯಾಗಿಸಿ ಸಾರಜನಕದೊಂದಿಗೆ ಸೇರಿಸಿದಾಗ ಸ್ಟೀಲಿನ ಮೈಮೇಲೆ ಟೈಟಾನಿಯಂ ನೈಟ್ರೈಡಿನ ಪದರ ಕೂರುತ್ತದೆ, ಅದರ ಸಹಜ ಬಣ್ಣವೇ ಬಂಗಾರದ್ದು. ಪೌಡರ್ ಕೋಟಿಂಗ್ ಸಾಮಾನ್ಯವಾಗಿ 60ರಿಂದ 80 ಮೈಕ್ರಾನ್ ದಪ್ಪವಿದ್ದರೆ ಇದು ಅದರ ಮುಂದೆ ತೀರಾ ತೆಳು, ಆದರೆ ಬಹಳ ಗಟ್ಟಿ. ಬಳೆ, ಉಂಗುರ ತಾಗಿದರೆ ಸುಲಭಕ್ಕೆ ಗೀರು ಬೀಳುವುದಿಲ್ಲ. ಅದು ಸೋಲುವುದು ವೆಲ್ಡಿಂಗ್ ಬಿಸಿಗೆ. ಬಣ್ಣದ ಪೈಪನ್ನು ತಂದು ಮನೆಯಲ್ಲೇ ಕತ್ತರಿಸಿ ವೆಲ್ಡ್ ಮಾಡಿದರೆ ಜಾಯಿಂಟಿನ ಸುತ್ತ ಪದರ ಸುಟ್ಟುಹೋಗುತ್ತದೆ, ಗ್ರೈಂಡರ್ ಹಿಡಿದರೆ ಉಳಿದದ್ದೂ ಎದ್ದುಬರುತ್ತದೆ, ಆಮೇಲೆ ಅದರ ಮೇಲೆ ಸ್ಪ್ರೇ ಬಣ್ಣ ಹೊಡೆದು ಮುಚ್ಚುವುದೊಂದೇ ದಾರಿ. ಪರಿಚಯದವರೊಬ್ಬರ ಮನೆಯಲ್ಲಿ ಇಂಥ ಕೆಲಸವನ್ನು ನೋಡಿದ್ದೇನೆ: ಪೈಪೆಲ್ಲ ಹೊಸದರಂತೆಯೇ ಇದೆ, ಜಾಯಿಂಟುಗಳಲ್ಲಿ ಮಾತ್ರ ಸ್ಪ್ರೇ ಸಿಪ್ಪೆ ಎದ್ದು ಒಳಗಿನ ಬಿಳಿ ಸ್ಟೀಲ್ ಇಣುಕುತ್ತಿದೆ.

ಹಾಗಾಗಿ ಯಾರಿಗೇ ಕೆಲಸ ಒಪ್ಪಿಸುವುದಿದ್ದರೂ ಕೇಳಬೇಕಾದ ಮೊದಲ ಪ್ರಶ್ನೆ ದರದ್ದಲ್ಲ, ವೆಲ್ಡಿಂಗ್ ಮುಗಿದ ಮೇಲೆ ಬಣ್ಣಕ್ಕೆ ಕಳಿಸುತ್ತೀರೋ ಅಥವಾ ಬಣ್ಣದ ಪೈಪಿಗೆ ವೆಲ್ಡಿಂಗ್ ಮಾಡುತ್ತೀರೋ ಎಂಬುದು. ಈ ವರ್ಕ್‌ಶಾಪ್‌ನ ಮೇಸ್ತ್ರಿ ನಾನು ಕೇಳುವ ಮೊದಲೇ "ಬಣ್ಣಕ್ಕೆ ಹೋಗಿ ಬಂದ್ಮೇಲೆ ನಾವು ವೆಲ್ಡಿಂಗ್ ಮುಟ್ಟಲ್ಲ ಸಾರ್, ಬರೀ ಸ್ಕ್ರೂ" ಎಂದಿದ್ದರು, ಹಾಗೆಯೇ ನಡೆದುಕೊಂಡರು. ಅಳತೆ ತೆಗೆದು, ಆರ್ಗಾನ್ ವೆಲ್ಡಿಂಗ್ ಮಾಡಿ, ಬಣ್ಣವಿಲ್ಲದ ರೇಲನ್ನೇ ಒಮ್ಮೆ ಮೆಟ್ಟಿಲ ಮೇಲೆ ಕೂರಿಸಿ ನೋಡಿ, ಬಿಚ್ಚಿಕೊಂಡು ಹೋಗಿ ಬ್ರಷ್ ಫಿನಿಶ್ ಕೊಟ್ಟು, ಅನಂತರವೇ ಕೋಟಿಂಗ್‌ಗೆ ಕಳಿಸಿದರು. ಚೇಂಬರಿಗಿಂತ ಉದ್ದದ ತುಂಡು ಒಳಗೆ ಹಿಡಿಯದ್ದರಿಂದ ರೇಲನ್ನು ಭಾಗ ಮಾಡಿ, ಒಳಗೆ ಸ್ಲೀವ್ ಕೊಟ್ಟು, ತಳಭಾಗದಿಂದ ಅಲೆನ್ ಸ್ಕ್ರೂ ಬಿಗಿದಿದ್ದಾರೆ. ರೇಲ್ ತಿರುಗುವ ಲ್ಯಾಂಡಿಂಗ್ ಮೂಲೆಯಲ್ಲಿ ಉಗುರು ಆಡಿಸಿದರೆ ಕೂದಲೆಳೆಯಷ್ಟು ಸಂದು ಸಿಗುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಅಂಗೈಗೆ ತಾಗುವುದಿಲ್ಲ. ಕಬ್ಬಿಣವೂ ಸ್ಟೀಲೂ ಸೇರುವ ಕಡೆ ನೈಲಾನ್ ವಾಷರ್ ಇಟ್ಟಿರುವುದು ಎರಡು ಲೋಹಗಳ ನಡುವೆ ತೇವ ನಿಂತು ಕಬ್ಬಿಣ ತುಕ್ಕು ಹಿಡಿಯಬಾರದೆಂದು. ಹೇಳದೆಯೇ ಇಷ್ಟು ಮುತುವರ್ಜಿ ವಹಿಸುವವರು ಅಪರೂಪ.

ಬಣ್ಣದ ಒಳಗಿನ ಸ್ಟೀಲ್ ಯಾವುದೆಂಬುದೂ ಅಷ್ಟೇ ಮುಖ್ಯ. 304 ಎಂಬ ದರ್ಜೆಯ ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಸುಮಾರು ಶೇ. 18 ಕ್ರೋಮಿಯಂ, ಶೇ. 8 ನಿಕ್ಕಲ್ ಇರುತ್ತದೆ. ಅಗ್ಗದ 202ರಲ್ಲಿ ನಿಕ್ಕಲ್ ಕಡಿಮೆ ಮಾಡಿ ಮ್ಯಾಂಗನೀಸ್ ಹೆಚ್ಚಿಸಿರುತ್ತಾರೆ. ಅಯಸ್ಕಾಂತ ಹಿಡಿದು ನೋಡಿದರೆ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ಇವರು ಬಣ್ಣಕ್ಕೆ ಮೊದಲೇ ಪೈಪಿನ ಮೇಲೆ ಪರೀಕ್ಷೆಯ ದ್ರಾವಣದ ಹನಿ ಹಾಕಿ, ಸಣ್ಣ ಬ್ಯಾಟರಿ ತಾಗಿಸಿ ತೋರಿಸಿದರು: 202 ಆದರೆ ಹನಿ ಕೆಂಪಾಗುತ್ತದೆ, ನಮ್ಮದು ಆಗಲಿಲ್ಲ. ಬಿಲ್ಲಿನಲ್ಲೂ 304 ಎಂದೇ ಬರೆದುಕೊಟ್ಟರು.

ಕಪ್ಪು ಕಂಬಿಗಳನ್ನು ಕಬ್ಬಿಣದಲ್ಲಿ ಮಾಡಿಸಿದ್ದಕ್ಕೆ ಮನೆಯಲ್ಲಿ ಸ್ವಲ್ಪ ಅಸಮಾಧಾನವಿತ್ತು. ಆದರೆ 1912ರಲ್ಲಿ ಮುಗಿದ ನಮ್ಮ ಮೈಸೂರು ಅರಮನೆಯ ಕಲ್ಯಾಣ ಮಂಟಪದಲ್ಲಿ ಕಣ್ಣು ತುಂಬುವ ಆ ಕಂಬಗಳೂ ಗ್ಲಾಸ್ಗೋದಲ್ಲಿ ಎರಕ ಹೊಯ್ದು ತಂದು ಬಣ್ಣ ಬಳಿದ ಕಬ್ಬಿಣವೇ ತಾನೆ? ತುಕ್ಕು ಪೂರ್ತಿ ತೆಗೆದು, ಪ್ರೈಮರ್ ಕೊಟ್ಟು ಕೋಟಿಂಗ್ ಮಾಡಿದರೆ ಮನೆಯೊಳಗೆ ಕಬ್ಬಿಣಕ್ಕೆ ಯಾವ ಕೊರತೆಯೂ ಇಲ್ಲ.

ನಿರ್ವಹಣೆಗೆ ಒದ್ದೆ ಬಟ್ಟೆ, ತುಸು ಸೋಪಿನ ನೀರು ಸಾಕು. ಗೃಹಪ್ರವೇಶದ ಮುಂಚೆ ಟೈಲ್ಸ್ ತೊಳೆಯಲು ಸುರಿಯುವ ಆಸಿಡ್ ಮಾತ್ರ ರೇಲಿಂಗ್ ಬುಡಕ್ಕೆ ತಾಗಲೇಬಾರದು, ಅದರಲ್ಲಿರುವ ಕ್ಲೋರೈಡ್ 304ನ್ನೂ ಚುಕ್ಕೆಚುಕ್ಕೆಯಾಗಿ ಕೊರೆಯುತ್ತದೆ. ನಿಜವಾದ ಹಿತ್ತಾಳೆ ಹಾಕಿಸುವವರು ಅದಕ್ಕೆ ಲ್ಯಾಕರ್ (ಹೊಳಪು ಕಾಯುವ ಪಾರದರ್ಶಕ ಲೇಪ) ಹೊಡೆಸಿದ್ದರೆ ಹುಣಸೆಹಣ್ಣಿನಿಂದ ಉಜ್ಜಬಾರದು. ಲ್ಯಾಕರ್ ಕಿತ್ತುಹೋಗಿ ಹಿತ್ತಾಳೆ ಅಲ್ಲಲ್ಲಿ ಕಪ್ಪಾಗುತ್ತದೆ.

ಕೊರತೆಗಳೂ ಇವೆ. ಒಪ್ಪಿಕೊಂಡ ದಿನಕ್ಕೆ ಕೆಲಸ ಮುಗಿಯಲಿಲ್ಲ, ಕೋಟಿಂಗ್ ಹೊರಗಡೆ ಆಗುವುದರಿಂದ ಅವರ ಕೈಯಲ್ಲೂ ಪೂರ್ತಿ ಇಲ್ಲ. ಕಂಬಿಗಳ ಬುಡದ ಕ್ಯಾಪ್‌ಗಳು ಬೇರೆ ಬ್ಯಾಚಿನಲ್ಲಿ ಕೋಟಿಂಗ್ ಆಗಿ ಬಂದಿದ್ದು, ಹ್ಯಾಂಡ್‌ರೇಲಿಗಿಂತ ಒಂದು ಛಾಯೆ ಕೆಂಪಾಗಿವೆ. ಬೆಳಗಿನ ಬಿಸಿಲು ಬಿದ್ದಾಗ ಅದು ಎದ್ದು ಕಾಣುತ್ತದೆ. ಬದಲಾಯಿಸಿಕೊಡಲು ಒಪ್ಪಿದ್ದಾರೆ, ಇನ್ನೂ ಬಂದಿಲ್ಲ. ಇಲ್ಲಿ ಕೆಲಸ ಕೊಡುವವರು ಕ್ಯಾಪ್, ಸ್ಕ್ರೂ, ರೇಲ್ ಎಲ್ಲವೂ ಒಂದೇ ಬ್ಯಾಚಿನಲ್ಲಿ ಕೋಟಿಂಗ್ ಆಗಬೇಕೆಂದು ಮುಂಗಡ ಕೊಡುವಾಗಲೇ ಬರೆಸಿಕೊಳ್ಳಲಿ.