ಹೆಬ್ರಾನ್ ಟೂರ್: ಒಂದೇ ಊರು, ಇಬ್ಬರು ಗೈಡ್‌ಗಳು

ಜೆರುಸಲೇಮ್‌ಗೆ ಹೋಗುವವರು ವೆಸ್ಟ್ ಬ್ಯಾಂಕ್‌ನ (ಇಸ್ರೇಲ್ ಆಕ್ರಮಿಸಿಕೊಂಡಿರುವ ಪ್ಯಾಲೆಸ್ತೀನಿ ಪ್ರದೇಶ) ಹೆಬ್ರಾನ್ ಊರಿನ ಈ ಒಂದು ದಿನದ ಟೂರ್ ಖಂಡಿತ ಮಾಡಿ. ಅರ್ಧ ದಿನ ಪ್ಯಾಲೆಸ್ತೀನಿ ಗೈಡ್, ಇನ್ನರ್ಧ ದಿನ ಯಹೂದಿ ಗೈಡ್. ಇಬ್ಬರೂ ಒಟ್ಟಿಗೆ ಊರು ಸುತ್ತಿಸೋಕೆ ಆಗಲ್ಲ, ಯಾಕಂದ್ರೆ 1997ರ ಒಪ್ಪಂದದಲ್ಲಿ ಹೆಬ್ರಾನನ್ನೇ ಎಚ್1 (ಪ್ಯಾಲೆಸ್ತೀನಿ ಆಡಳಿತದ ಭಾಗ), ಎಚ್2 (ಇಸ್ರೇಲಿ ಸೇನೆಯ ಹಿಡಿತದ ಭಾಗ) ಅಂತ ಎರಡು ಮಾಡಿದ್ದಾರೆ. ಚೆಕ್‌ಪೋಸ್ಟ್ ಹತ್ತಿರ ಒಬ್ಬರು ನಮ್ಮನ್ನು ಬಿಟ್ಟರು, ಆಚೆ ಇನ್ನೊಬ್ಬರು ಕಾಯುತ್ತಿದ್ದರು.

ಹಳೇ ಮಾರ್ಕೆಟ್‌ನಲ್ಲಿ ತಲೆ ಮೇಲೆ ತಂತಿ ಬಲೆ ಕಟ್ಟಿದ್ದಾರೆ. ಸೆಟ್ಲರ್‌ಗಳ (ಇಲ್ಲಿ ಬಂದು ನೆಲೆಸಿರುವ ಇಸ್ರೇಲಿ ಯಹೂದಿಗಳು) ಮನೆ ಕಡೆಯಿಂದ ಬಿದ್ದ ಕಲ್ಲು, ಬಾಟಲಿ, ಕಸ ಎಲ್ಲ ಅದರಲ್ಲಿ ಸಿಕ್ಕಿಕೊಂಡಿದೆ, ಅದರ ಕೆಳಗೇ ಅಂಗಡಿಯವರು ವ್ಯಾಪಾರ ಮಾಡುತ್ತಾರೆ. ನನಗೆ ತುಂಬಾ ಹೊತ್ತು ಅಲ್ಲಿಂದ ಕಾಲು ಕೀಳಲು ಆಗಲಿಲ್ಲ.

ಪ್ಯಾಲೆಸ್ತೀನಿ ಗೈಡ್, 1994ರಲ್ಲಿ ಇಲ್ಲಿನ ಇಬ್ರಾಹಿಮಿ ಮಸೀದಿಯಲ್ಲಿ ನಮಾಜ್ ಮಾಡುತ್ತಿದ್ದ 29 ಜನರನ್ನು ಗುಂಡಿಟ್ಟು ಕೊಂದದ್ದನ್ನು ಹೇಳಿದರು. ಯಹೂದಿ ಗೈಡ್, 1929ರಲ್ಲಿ ಇದೇ ಊರಲ್ಲಿ 67 ಯಹೂದಿಗಳನ್ನು ಕೊಂದದ್ದನ್ನು ಹೇಳಿದರು. ಎರಡೂ ನಡೆದದ್ದೇ, ಅಲ್ವಾ?

2025ರ ಅಕ್ಟೋಬರ್‌ನ ಕದನ ವಿರಾಮ ಗಾಜಾದ್ದು. ವೆಸ್ಟ್ ಬ್ಯಾಂಕ್‌ನ ಈ ಬಲೆ, ಈ ಗೇಟು, ಈ ಸೆಟಲ್‌ಮೆಂಟ್‌ಗಳನ್ನು ಅದು ಮುಟ್ಟೇ ಇಲ್ಲ. ಇವು ಹೀಗೇ ಇದ್ದರೆ ಶಾಂತಿ ಜಾಸ್ತಿ ದಿನ ನಿಲ್ಲುತ್ತೆ ಅಂತ ನನಗೆ ಅನ್ನಿಸೋದಿಲ್ಲ. ಆದರೂ ಸಂಜೆ ಅದೇ ಚೆಕ್‌ಪೋಸ್ಟ್‌ನಲ್ಲಿ ಆ ಇಬ್ಬರು ಮನೆ ಮಕ್ಕಳ ಬಗ್ಗೆ ವಿಚಾರಿಸಿಕೊಂಡು ನಿಂತಿದ್ದನ್ನೂ ನೋಡಿದೆ.

ಒಂದೇ ಬೇಜಾರು: ಕೊನೆಯಲ್ಲಿ ಅವಸರ ಮಾಡಿದರು, ಪ್ರಶ್ನೆ ಕೇಳಲು ಸಮಯವೇ ಸಿಗಲಿಲ್ಲ. ಪಾಸ್‌ಪೋರ್ಟ್ ಮರೀಬೇಡಿ.